ಹೊಗೆ ಕೊಳವೆಯ ಮುಳ್ಳೆಲೆ ಕಟ್ಟು

ನನ್ನ ಬಾಯಿ ಜೋರು. ಇದು ಊರಿಗೆಲ್ಲ ಗೊತ್ತಿರುವ ಸಂಗತಿ, ಮುಚ್ಚಿಟ್ಟು ಪ್ರಯೋಜನವಿಲ್ಲ. ನಮ್ಮ ಪಾದ್ರಿಗಳು ಕೂಡ ಒಮ್ಮೆ, "ಡೆರ್ನಾ, ನೀನು ಪಿಸುಗುಟ್ಟಿ ಪಾಪ ಒಪ್ಪಿಕೊಂಡ್ರೂ ಹೊರಗೆ ಬೆಂಚಿನ ಮೇಲೆ ಕೂತವರಿಗೆಲ್ಲ ಕೇಳಿಸುತ್ತಮ್ಮಾ" ಎಂದಿದ್ದರು. ಮದುವೆಯಾಗಿ ಈ ಮನೆಗೆ ಬಂದು ಮೂವತ್ತೊಂಬತ್ತು ವರ್ಷ. ಅಷ್ಟೂ ವರ್ಷ ಗಂಡ ಜೆಲಿಂದೊನನ್ನು ಬೈದೆ, ಅತ್ತೆ ಒನೊರೀನಾ ಜೊತೆ ಜಗಳವಾಡಿದೆ. ಕಳೆದ ಮಾರ್ಚಿನಲ್ಲಿ ಜೆಲಿಂದೊ ತೀರಿಕೊಂಡ. ಮಕ್ಕಳು ಮರಿ ನಮಗಿಲ್ಲ. ಹಾಗಾಗಿ ಜಗಳವಾಡಲು ನನಗೆ ಉಳಿದದ್ದು ಎಂಬತ್ತೊಂಬತ್ತರ ಅತ್ತೆ ಒಬ್ಬರೇ.

ಆ ಒಬ್ಬರನ್ನೂ ಕಳೆದುಕೊಳ್ಳುವ ಹಾಗಾಗಿತ್ತು, ನವೆಂಬರಿನ ಆ ವಾರ. ಕಾರಣ ಅಡುಗೆಮನೆಯಲ್ಲಿ ಕೂತು ಇಡೀ ಮನೆ ಬೆಚ್ಚಗಿಡುವ ಪೆಲೆಟ್ ಒಲೆ.

ಸೋಮವಾರ ಮೊದಲ ಚಳಿ ಬಿತ್ತು. ಎದುರಿನ ಬೆಟ್ಟದ ನೆತ್ತಿ ಬೆಳ್ಳಗಾಯಿತು. ನಾನು ಮರದ ಹೊಟ್ಟಿನ ಗುಳಿಗೆಯ ಮೂಟೆ ಬಿಚ್ಚಿ ಒಲೆಯ ಬಾಯಿಗೆ ಸುರಿದು ಗುಂಡಿ ಒತ್ತಿದೆ. ಅದು ಗುರ್ ಎಂದಿತು, ಒಂದಿಷ್ಟು ಹಳದಿ ಬೆಂಕಿ ತೋರಿಸಿತು, ಗಾಜನ್ನೆಲ್ಲ ಕಪ್ಪು ಮಾಡಿತು, ಆಮೇಲೆ ಕೀಂ ಕೀಂ ಎಂದು ಬಡಿದುಕೊಂಡು ಆರಿಹೋಯಿತು. ಒಲೆಯ ಗುಂಡಿಗಳ ಹಲಗೆಯ ಮೇಲೆ ಹೊಗೆ ಹೋಗುತ್ತಿಲ್ಲವೆಂಬ ಕೆಂಪು ಗುರುತು. ಮತ್ತೆ ಹಚ್ಚಿದೆ, ಮತ್ತೆ ಅದೇ ರಾಗ. ರಿಪೇರಿಯವನಿಗೆ ಫೋನ್ ಮಾಡಿದರೆ, "ಚಿಕ್ಕಮ್ಮಾ, ಚಳಿ ಬಿದ್ದ ದಿನಾನೇ ಎಲ್ಲರಿಗೂ ಒಲೆ ನೆನಪಾಗೋದು. ಇಪ್ಪತ್ತೇಳಕ್ಕೆ ಬರ್ತೀನಿ, ಅದಕ್ಕೆ ಮೊದಲು ಉಸಿರಾಡೋಕೂ ಆಗಲ್ಲ" ಎಂದ. ಕರೆಂಟಿನ ಹೀಟರ್ ಹಚ್ಚಿದೆ. ಅದರ ಜೊತೆ ಓವನ್ ಹಾಕಿದ ಕೂಡಲೇ ಮನೆಯ ದೀಪವೆಲ್ಲ ಹೋಯಿತು. ಅತ್ತೆ ಕತ್ತಲಲ್ಲಿ ಕೂತು ಕೆಮ್ಮಿದರು.

ಆ ಕೆಮ್ಮು ಫೋನಿನಲ್ಲಿ ನಾದಿನಿಯ ಕಿವಿಗೆ ಬಿತ್ತು. ನಾದಿನಿ ಎಡ್ಡಾ ಇರುವುದು ಕೆಳಗೆ ಉದಿನೆ ಪಟ್ಟಣದಲ್ಲಿ, ಗ್ಯಾಸಿನ ಬಿಸಿ ಇರುವ ಫ್ಲಾಟಿನಲ್ಲಿ. ಅಮ್ಮನಿಗೆಂದು ಒಂದು ಕೋಣೆಗೆ ಬಣ್ಣ ಹೊಡೆಸಿ ಬೇಸಿಗೆಯಿಂದ ಕಾದಿದ್ದಾಳೆ. ಕೆಟ್ಟವಳಲ್ಲ ಪಾಪ, ಆದರೆ ಹಿಡಿದ ಹಟ ಬಿಡುವವಳಲ್ಲ.

"ಅತ್ತಿಗೆ, ಭಾನುವಾರ ಊಟದ ಹೊತ್ತಿಗೆ ಬರ್ತೀನಿ. ಒಲೆ ಉರೀತಿದ್ರೆ ಸರಿ. ಇಲ್ದಿದ್ರೆ ಅಮ್ಮನ್ನ ಕರ್ಕೊಂಡು ಹೋಗ್ತೀನಿ. ಒಂದ್ಸಲ ಕರ್ಕೊಂಡು ಹೋದ್ರೆ ಮತ್ತೆ ಆ ಬೆಟ್ಟಕ್ಕೆ ಕಳಿಸಲ್ಲ, ಈಗಲೇ ಹೇಳಿದ್ದೀನಿ."

"ಬಾ ತಾಯಿ ಬಾ, ಬೆಚ್ಚಗೆ ಕೂತು ಊಟ ಮಾಡುವಂತೆ" ಎಂದು ಫೋನಿಟ್ಟೆ. ಕೊಳವೆ ಕಟ್ಟಿಕೊಂಡಿದೆ ತಾನೇ? ಬಿಚ್ಚಿ ನಾನೇ ತೊಳೆದರಾಯಿತು, ಅದೇನು ಬ್ರಹ್ಮವಿದ್ಯೆಯೇ ಎಂದು ಜೋರಾಗಿಯೇ ಹೇಳಿಕೊಂಡೆ.

ಹೌದೌದು ಎನ್ನುತ್ತಾರೆ ಅಂದುಕೊಂಡಿದ್ದ ಅತ್ತೆ ಕುರ್ಚಿಯಲ್ಲಿ ಸೆಟೆದು ಕೂತರು.

"ಬೇಡ. ಆ ಕೊಳವೆ ಮುಟ್ಟಬೇಡ."

"ಯಾಕೆ ಮುಟ್ಟಬಾರದು? ಅದಕ್ಕೇನು ಮೈಲಿಗೆನಾ?"

"ಮುಟ್ಟಬೇಡ ಅಂದ್ರೆ ಮುಟ್ಟಬೇಡ. ರಿಪೇರಿಯವನು ಬಂದು ಮಾಡ್ತಾನೆ. ನಾನು ಎಡ್ಡಾ ಜೊತೆ ಹೋಗ್ತೀನಿ."

"ಹೋಗ್ತೀರಾ? ಅವಳು ವಾಪಸ್ ಕಳಿಸಲ್ಲ ಅಂದದ್ದು ಕೇಳಿಸ್ತಾ?"

"ಕಿವಿ ಇನ್ನೂ ಚೆನ್ನಾಗಿದೆ" ಎಂದು ಅತ್ತೆ ಮುಖ ಆ ಕಡೆ ತಿರುಗಿಸಿದರು.

ಶುಕ್ರವಾರದ ಹೊತ್ತಿಗೆ ಅವರ ಕಂದು ಸೂಟ್‌ಕೇಸ್ ಬಾಗಿಲ ಪಕ್ಕ ಬಂದು ಕೂತಿತ್ತು. ಮೇಲೆ ಮಡಿಸಿಟ್ಟ ಕರಿ ಶಾಲು. ನಾನು ದಾಟುವಾಗೆಲ್ಲ ಬೇಕೆಂದೇ ಅದನ್ನು ಕಾಲಿನಿಂದ ಒದ್ದು ಸರಿಸುತ್ತಿದ್ದೆ. ಮೂವತ್ತೊಂಬತ್ತು ವರ್ಷ ಒಂದೇ ಮೇಜಿನಲ್ಲಿ ಉಂಡವರು, ಮಗ ಹೋಗಿ ಎಂಟು ತಿಂಗಳಿಗೆ ನನ್ನನ್ನು ಬಿಟ್ಟು ಹೋಗಲು ತಯಾರಾದರಲ್ಲ ಎಂದು ಹೊಟ್ಟೆ ಉರಿಯಿತು. ಅಳು ಬಂದರೆ ಈರುಳ್ಳಿ ಹೆಚ್ಚಿದೆ. ಆ ವಾರ ನಮ್ಮ ಮನೆಯಲ್ಲಿ ಈರುಳ್ಳಿ ಬಹಳ ಖರ್ಚಾಯಿತು.

ಶನಿವಾರ ಸಾನ್ ಮಾರ್ತಿನೊ ಹಬ್ಬ. ನಮ್ಮ ಕಣಿವೆಯಲ್ಲಿ ಆ ದಿನ ಹೊಸ ದ್ರಾಕ್ಷಾರಸ ಬಿಚ್ಚುತ್ತಾರೆ, ಚೆಸ್ಟ್‌ನಟ್ ಸುಡುತ್ತಾರೆ. ಅದಕ್ಕೂ ಮೊದಲು, ಬೆಳಿಗ್ಗೆಯೇ, ಚಿಮಣಿ ತೊಳೆಯುತ್ತಾರೆ. ಈಗ ಎಷ್ಟು ಮನೆಯಲ್ಲಿ ಉಳಿದಿದೆಯೋ ಕಾಣೆ, ನಮ್ಮ ಮನೆಯಲ್ಲಂತೂ ಒಂದು ವರ್ಷವೂ ತಪ್ಪಿರಲಿಲ್ಲ.

ನಾನು ಹೊಸದಾಗಿ ಬಂದಾಗ ಇಲ್ಲಿದ್ದದ್ದು ಸೌದೆ ಒಲೆ, ಅದರ ಮೇಲೆ ಮನುಷ್ಯ ನಿಲ್ಲುವಷ್ಟು ಅಗಲದ ಚಿಮಣಿ. ಬೇಲಿಯಿಂದ ಮುಳ್ಳೆಲೆ ಗಿಡದ ಕೊಂಬೆ ಕಡಿದು ತರುತ್ತಿದ್ದರು. ಅದರ ಒಂದೊಂದು ಎಲೆಯ ಅಂಚಿಗೂ ಸೂಜಿ. ಕೊಂಬೆಗಳನ್ನು ಕಟ್ಟು ಕಟ್ಟಿ, ಆ ಕಟ್ಟಿಗೆ ಮೇಲೊಂದು ಕೆಳಗೊಂದು ಹಗ್ಗ. ಮಾಡಿನ ಮೇಲೆ, ಅಂದರೆ ಛಾವಣಿಯ ಮೇಲೆ, ಒಬ್ಬ, ಕೆಳಗೆ ಒಲೆಯ ಬಳಿ ಒಬ್ಬರು. ಮೇಲಿನವನು ಎಳೆದರೆ ಕಟ್ಟು ಮೇಲೆ, ಕೆಳಗಿನವರು ಎಳೆದರೆ ಕೆಳಗೆ. ಇಲ್ಲಣದ ಮಸಿಯೆಲ್ಲ ಪದರು ಪದರಾಗಿ ಉದುರುತ್ತಿತ್ತು. ನಮ್ಮ ಮನೆಯಲ್ಲಿ ಮಾಡಿನ ಮೇಲಿನ ಕೆಲಸ ಜೆಲಿಂದೊನದು. ಅವನು ಗಾರೆ ಕೆಲಸದವನು. ಮಾಡಿನ ಮೇಲೆ ನಾವು ಅಂಗಳದಲ್ಲಿ ನಡೆಯುವಷ್ಟು ಸಲೀಸಾಗಿ ಓಡಾಡುತ್ತಿದ್ದ. ಕೆಳಗೆ ತಲೆಗೆ ಗೋಣಿಚೀಲ ಹೊದ್ದು ಹಗ್ಗ ಹಿಡಿದು ನಿಲ್ಲುವವಳು ನಾನು.

"ಡೆರ್ನಾ, ಇದ್ದೀಯಾ?" ಎಂದು ಚಿಮಣಿಯೊಳಗಿಂದ ಅವನ ದನಿ ಬಾವಿಯಿಂದ ಬಂದ ಹಾಗೆ ಬರುತ್ತಿತ್ತು.

"ಇದ್ದೀನಿ ಮಹರಾಯಾ, ಎಲ್ಲಿಗೆ ಹೋಗ್ಲಿ? ಎಳಿ!"

ಎದುರಿಗೆ ಕೂತು ಎರಡು ಒಳ್ಳೆ ಮಾತಾಡಲು ನಾಚುತ್ತಿದ್ದ ಮನುಷ್ಯ. ಚಿಮಣಿಯೊಳಗೆ ಮಾತ್ರ ಅವನಿಗೆ ಮಾತು ಬರುತ್ತಿತ್ತು. ಮದುವೆಯಾದ ವರ್ಷ ನಾನು ಪೊರಕೆ ತರಲು ಹಿತ್ತಿಲಿಗೆ ಹೋಗಿದ್ದೆ, ಹಗ್ಗವನ್ನು ಅತ್ತೆ ಹಿಡಿದುಕೊಂಡಿದ್ದರು. ಅವನಿಗೇನು ಗೊತ್ತು? ಮೇಲಿಂದ, "ನೀನಂದ್ರೆ ನನಗೆ ಜೀವ ಕಣೇ" ಎಂದುಬಿಟ್ಟ. ಅತ್ತೆ ತಲೆ ಎತ್ತಿ, "ಗೊತ್ತು ಕಣೋ ಮಗನೇ, ಒಂಬತ್ತು ತಿಂಗಳು ಹೊತ್ತವಳು ನಾನು. ಈಗ ಹಗ್ಗ ಎಳಿ" ಎಂದರಂತೆ. ಅವನು ಸಂಜೆಯವರೆಗೆ ಮಾಡಿನಿಂದ ಇಳಿಯಲಿಲ್ಲ. ಈ ಕತೆಯನ್ನು ಅತ್ತೆ ಪ್ರತಿ ವರ್ಷ ಸಾನ್ ಮಾರ್ತಿನೊ ಊಟದ ಮೇಜಿನಲ್ಲಿ ಹೇಳುವುದು, ನಾವು ಮೊದಲ ಸಲ ಕೇಳಿದವರಂತೆ ನಗುವುದು. ಆ ನಗುವಿಗೆ ಈಗ ಏನು ಬೇಕಾದರೂ ಕೊಟ್ಟೇನು.

ಹನ್ನೆರಡು ವರ್ಷದ ಹಿಂದೆ ಸೌದೆ ಒಲೆ ತೆಗೆಸಿ ಪೆಲೆಟ್ ಒಲೆ ಇಡಿಸಿದ್ದು ನಾನೇ. ಸೌದೆ ಹೊತ್ತು ಸೊಂಟ ಮುರಿದಿತ್ತು. ಹಳೆ ಚಿಮಣಿಯೊಳಗೆ ಉಕ್ಕಿನ ಸಣ್ಣ ಕೊಳವೆ ಇಳಿಬಿಟ್ಟರು, ನನ್ನ ಅಂಗೈ ಅಗಲದ್ದು. ಅತ್ತೆ ಒಂದು ತಿಂಗಳು ಆ ಒಲೆಯ ಕಡೆ ನೋಡಲಿಲ್ಲ. "ಇದು ಒಲೆಯಲ್ಲ, ರೈಲ್ವೆ ಸ್ಟೇಷನ್ನಿನ ಕಾಫಿ ಮಿಷನ್" ಎನ್ನುತ್ತಿದ್ದರು. ಅವರ ಮೂತಿ ಸರಿಯಾಗಲೆಂದು ಜೆಲಿಂದೊ ಒಂದು ಉಪಾಯ ಮಾಡಿದ. ಹಬ್ಬದ ದಿನ ಬ್ರಷ್ ಹಾಕಿ ಕೊಳವೆ ತೊಳೆದ ಮೇಲೆ, ಮುಷ್ಟಿಯಷ್ಟೇ ಗಾತ್ರದ ಮುಳ್ಳೆಲೆ ಕಟ್ಟು ಮಾಡಿ ಅದನ್ನೂ ಒಮ್ಮೆ ಇಳಿಬಿಡುವುದು. ಮೇಲಿನ ದಾರ ಅವನಿಗೆ, ಕೆಳಗಿನ ದಾರ ಕುರ್ಚಿಯಲ್ಲಿ ಕೂತ ಅಮ್ಮನಿಗೆ. ಬ್ರಷ್ ಮಾಡುವ ಕೆಲಸಕ್ಕೆ ಎಲೆ ಯಾಕೆ ಎಂದು ನಾನು ಬೈಯುತ್ತಿದ್ದೆ. ತಾಯಿ ಮಗ ಇಬ್ಬರೂ ನನಗೆ ಕಿವಿಗೊಡುತ್ತಿರಲಿಲ್ಲ.

ಹೋದ ವರ್ಷದ ಹಬ್ಬದ ದಿನ ನಾನು ಹಲ್ಲು ಕೀಳಿಸಲು ತೋಲ್ಮೆಟ್ಸೊಗೆ ಹೋಗಿದ್ದೆ. ಊದಿದ ಕೆನ್ನೆ ಹಿಡಿದು ವಾಪಸ್ ಬಂದಾಗ ಎಲ್ಲ ತೊಳೆದು ಮುಗಿದಿತ್ತು, ಇಬ್ಬರೂ ತೆಪ್ಪಗೆ ಕೂತಿದ್ದರು. ಆದರೆ ಆ ಚಳಿಗಾಲವಿಡೀ ಒಲೆ ಮುನಿಸಿಕೊಂಡೇ ಇತ್ತು. ಗಾಜು ದಿನವೂ ಕಪ್ಪು. ನಡುನಡುವೆ ಕೀಂ ಕೀಂ. "ಒಂದು ಕೊಳವೆ ನೆಟ್ಟಗೆ ತೊಳೆಯೋಕೆ ಬರಲ್ವಲ್ಲ ನಿನಗೆ! ಜೀವಮಾನ ಪೂರ್ತಿ ಊರಿನವರ ಮಾಡು ರಿಪೇರಿ ಮಾಡಿದ್ದೇ ಬಂತು!" ಎಂದು ನಾನು ಬೆಳಗಾದರೆ ಶುರು. ಅವನು ನಕ್ಕು, ಹಳೆ ಪೇಪರ್ ಒದ್ದೆ ಮಾಡಿ ಬೂದಿಯಲ್ಲಿ ಅದ್ದಿ ಗಾಜು ಒರೆಸುತ್ತಿದ್ದ. ರಿಪೇರಿಯವನನ್ನು ಕರೆಯುತ್ತೇನೆಂದರೆ, "ನಾನೇ ನೋಡ್ತೀನಿ ಬಿಡು" ಎನ್ನುತ್ತಿದ್ದ. ಇದರ ಮೇಲೆ ಅತ್ತೆಗೆ ಹೊಸ ಹುಚ್ಚು. ಒಲೆ ಹಚ್ಚಿದ ಕೂಡಲೇ ಅಡುಗೆಮನೆಯ ಕಿಟಕಿಯನ್ನು ಎರಡು ಬೆರಳಷ್ಟು ತೆಗೆಯುವುದು. ನಾನು ಮುಚ್ಚುವುದು, ಅವರು ತೆಗೆಯುವುದು. "ಬೀದಿಗೆ ಬಿಸಿ ಮಾಡ್ತಿದ್ದೀರಾ ಅತ್ತೆ?" ಎಂದು ಕೂಗಿದರೆ, "ನನಗೆ ಸೆಕೆ" ಎನ್ನುತ್ತಿದ್ದರು, ಮೈಮೇಲೆ ಎರಡು ಶಾಲು ಹೊದ್ದುಕೊಂಡು. ಜನವರಿಯ ಕೊನೆಗೆ ಆಸ್ಪತ್ರೆಯವರು ಜೆಲಿಂದೊನ ಕಾಯಿಲೆಗೆ ಒಂದು ಹೆಸರು ಹೇಳಿದರು. ಆಮೇಲೆ ಒಲೆಯನ್ನು ಕೇಳುವವರಿರಲಿಲ್ಲ.

ಶನಿವಾರ ಬೆಳಿಗ್ಗೆ ನಾನು ಯಾರನ್ನೂ ಕೇಳಲಿಲ್ಲ. ಕೊಟ್ಟಿಗೆಯಿಂದ ಜೆಲಿಂದೊನ ಬ್ರಷ್ಷು, ಒಂದಕ್ಕೊಂದು ತಿರುಚಿ ಸೇರಿಸುವ ಕಡ್ಡಿಗಳು, ಬಕೆಟ್ಟು, ಬೂದಿ ಎಳೆಯುವ ವ್ಯಾಕ್ಯೂಮ್ ತಂದೆ. ಒಲೆಯ ವೈರು ಕಿತ್ತೆ. ನೆಲಕ್ಕೆ ಪೇಪರ್ ಹಾಸಿದೆ. ಅವನ ಗಾರೆ ಕೆಲಸದ ಹಳೆ ಅಂಗಿ ಹಾಕಿಕೊಂಡೆ.

"ಡೆರ್ನಾ, ಬೇಡ ಅಂದೆ" ಎಂದರು ಅತ್ತೆ.

"ನೀವು ಉದಿನೆಯ ಹೆಂಗಸು ಈಗ. ಈ ಮನೆ ಉಸಾಬರಿ ನಿಮಗ್ಯಾಕೆ?"

"ದಮ್ಮಯ್ಯ ಕಣೇ."

ಅತ್ತೆಯ ಬಾಯಲ್ಲಿ ದಮ್ಮಯ್ಯ ಎಂಬ ಮಾತು ನಾನು ಅದೇ ಮೊದಲು ಕೇಳಿದ್ದು. ಆದರೆ ಸಿಟ್ಟು ನೆತ್ತಿಗೇರಿದಾಗ ನನಗೆ ಕಿವಿ ಕೇಳುವುದಿಲ್ಲ. ಗೋಡೆಯ ಬುಡದ ಸಣ್ಣ ಬಾಗಿಲು ತೆಗೆದು, ಕೊಳವೆಯ ಕೆಳಮುಚ್ಚಳ ತಿರುಗಿಸಿ ಬಿಚ್ಚಿದೆ. ದೊಪ್ಪೆಂದು ಬೂದಿ ಬಿತ್ತು. ಚಮಚದಲ್ಲಿ ಕೆರೆದು ತೆಗೆದೆ. ಬ್ರಷ್ಷನ್ನು ಕಡ್ಡಿಗೆ ಸಿಕ್ಕಿಸಿ ಮೇಲಕ್ಕೆ ತಳ್ಳಿದೆ. ಒಂದೇ ಕಡೆಗೆ ತಿರುಗಿಸಬೇಕು, ಹಿಂದಕ್ಕೆ ತಿರುಗಿಸಿದರೆ ಕಡ್ಡಿ ಒಳಗೇ ಕಳಚಿಕೊಳ್ಳುತ್ತದೆ. ಅಷ್ಟು ನನಗೆ ಗೊತ್ತಿತ್ತು. ಮೊಣಕೈ ಉದ್ದ ಹೋಯಿತು, ಆಮೇಲೆ ನಿಂತಿತು. ಗಟ್ಟಿಯಾಗಿ ಅಲ್ಲ, ಏನೋ ಅದುಮಿದರೆ ಅದುಮಿಕೊಂಡು ಬಿಟ್ಟರೆ ಉಬ್ಬುವಂಥದ್ದು.

"ಹಕ್ಕಿ ಗೂಡು ಕಟ್ಟಿದೆ" ಎಂದೆ.

ಅತ್ತೆ ಕುರ್ಚಿಯ ತುದಿಗೆ ಸರಿದರು.

ಬೆಂಕಿ ಕೆದಕುವ ಉದ್ದನೆ ಇಕ್ಕಳ ತಂದು, ನೆಲದ ಮೇಲೆ ಅಂಗಾತ ಮಲಗಿ, ಕೈ ಮೇಲೆ ತೂರಿಸಿದೆ. ಕಣ್ಣಿಗೆ ಮೂಗಿಗೆಲ್ಲ ಬೂದಿ. ಇಕ್ಕಳಕ್ಕೆ ಸಿಕ್ಕಿತು, ಜಾರಿತು, ಮತ್ತೆ ಸಿಕ್ಕಿತು. ಕಾಲನ್ನು ಗೋಡೆಗೆ ಒದ್ದು ಎಳೆದೆ. ಕೊಳವೆಯ ಕೀಲಿನಿಂದ ಅದು ಕರಕರ ಎಂದು ಕಿತ್ತುಕೊಂಡು, ಬಕೆಟ್ಟಿನಷ್ಟು ಮಸಿಯ ಜೊತೆ ನನ್ನ ಎದೆಯ ಮೇಲೆ ಬಿತ್ತು.

ಮುಳ್ಳೆಲೆ ಕಟ್ಟು.

ಎಲೆಗಳು ಸುಟ್ಟು ಕರಿ ತಗಡಿನಂತಾಗಿದ್ದವು, ಸೂಜಿ ಮಾತ್ರ ಇನ್ನೂ ಚುಚ್ಚುತ್ತಿತ್ತು. ದಾರ ಮುಟ್ಟಿದರೆ ಉದುರಿತು. ಕಟ್ಟಿನ ಸೊಂಟಕ್ಕೆ ಸುತ್ತಿದ್ದ ತಂತಿ ಹಾಗೇ ಇತ್ತು. ಮೂರು ಸುತ್ತು, ತುದಿಯನ್ನು ಒಳಕ್ಕೆ ಮಡಿಚಿದ್ದು, ಯಾರ ಕೈಗೂ ಗೀರಬಾರದೆಂದು. ಗುಳಿಗೆ ಮೂಟೆಯ ಬಾಯಿ, ದ್ರಾಕ್ಷಿ ಬಳ್ಳಿ, ನನ್ನ ಹರಿದ ಚೀಲದ ಹಿಡಿ ಎಲ್ಲವನ್ನೂ ಜೆಲಿಂದೊ ಹೀಗೇ ಕಟ್ಟುತ್ತಿದ್ದ. ಲೋಕದಲ್ಲಿ ಬೇರೆ ಯಾರೂ ಹೀಗೆ ಕಟ್ಟುವುದು ನಾನು ಕಂಡಿಲ್ಲ.

ಎದ್ದು ಕೂತು ಅತ್ತೆಯ ಮುಖ ನೋಡಿದೆ. ಅವರು ಅಳುತ್ತಿದ್ದರು.

"ಕೈ ಸೋತುಹೋಯ್ತು ಕಣೇ ಅವನಿಗೆ" ಎಂದರು. "ಹೋದ ಹಬ್ಬದ ದಿನ. ಕೆಳಗೆ ನಾನು ದಾರ ಹಿಡಿದು ಕೂತಿದ್ದೆ. ಎಳಿಯೋ ಅಂದೆ. ಎಳೀಲಿಲ್ಲ. ಬೆರಳು ಹಿಡಿತಾ ಇಲ್ಲ ಅಮ್ಮಾ, ದಾರ ಜಾರಿಹೋಯ್ತು ಅಂದ, ಆ ಕೊಳವೆಯೊಳಗಿಂದಾನೇ. ನಾನು ಎಳೆದೆ, ನನ್ನ ಕಡೆ ದಾರ ತುಂಡಾಯ್ತು. ಕೆಳಗಿಳಿಯೋಕೇ ಅರ್ಧ ಗಂಟೆ ತಗೊಂಡ ಅವನು."

"ನವೆಂಬರಲ್ಲೇ? ಅವನ ಕೈಲಿ ಬಲ ಇರಲಿಲ್ಲ ಅನ್ನೋದು ನಿಮಗೆ ನವೆಂಬರಲ್ಲೇ ಗೊತ್ತಿತ್ತಾ?"

"ನಿನಗೆ ಹೇಳಲ್ಲ ಅಂತ ಅವನಿಗೆ ಮಾತು ಕೊಟ್ಟಿದ್ದೆ. ನೀನು ಚರ್ಚಿಗೆ ಹೋದ ಎರಡು ಭಾನುವಾರ ತೆಗೆಯೋಕೆ ನೋಡಿದ. ಇಕ್ಕಳ ಹಿಡಿಯೋಕೇ ಆಗ್ಲಿಲ್ಲ."

"ಹೊಗೆ ಒಳಗೆ ತಿರುಗಿದ್ರೆ ಮೂರು ಜನಾನೂ ಮಲಗಿದಲ್ಲೇ ಹೋಗ್ತಿದ್ವಲ್ಲ! ತಲೆ ನೆಟ್ಟಗಿದೆಯಾ ನಿಮ್ಮಿಬ್ಬರಿಗೂ?"

"ಅದಕ್ಕೇ ಕಿಟಕಿ ತೆಗೀತಿದ್ದೆ" ಎಂದರು ಅತ್ತೆ, ಮೆಲ್ಲಗೆ.

ಎರಡು ಶಾಲು ಹೊದ್ದು, ಸೆಕೆ ಸೆಕೆ ಎನ್ನುತ್ತ, ನನ್ನಿಂದ ಬೈಸಿಕೊಳ್ಳುತ್ತ ಈ ಮುದುಕಿ ಚಳಿಗಾಲವಿಡೀ ನಮ್ಮನ್ನು ಕಾದಿತ್ತು.

"ಅದಕ್ಕೇನಾ ಎಡ್ಡಾ ಮನೆಗೆ ಹೊರಟದ್ದು?"

"ರಿಪೇರಿಯವನು ತೆಗೆದಿದ್ರೆ ಯಾವುದೋ ಕಸ ಅಂತ ಬಿಸಾಕ್ತಿದ್ದ. ನೀನು ತೆಗೆದ್ರೆ ಆ ತಂತಿ ನೋಡ್ತೀಯ. ನಾನಿಲ್ಲಿದ್ದು ಕೆಮ್ತಾ ಇದ್ರೆ ನೀನು ಇಪ್ಪತ್ತೇಳರವರೆಗೆ ಕಾಯೋಳಾ? ನಾನು ಹೊರಟುಹೋದ್ರೆ ನಿನಗೆ ಅವಸರ ಇರಲ್ಲ ಅಂದ್ಕೊಂಡೆ. ನನಗೇನು ಆ ಗ್ಯಾಸಿನ ಮನೆಗೆ ಹೋಗೋಕೆ ಆಸೆನಾ?"

ಆಗ ನಾನು ಅತ್ತುಬಿಟ್ಟೆ. ಈರುಳ್ಳಿಯ ನೆಪವಿಲ್ಲದೆ, ಮಸಿ ಮುಖದಲ್ಲಿ, ಆ ಕಟ್ಟನ್ನು ಮಡಿಲಲ್ಲಿಟ್ಟುಕೊಂಡು. "ಬೆಳಗಾದ್ರೆ ಬೈದೆನಲ್ಲ ಅತ್ತೆ ಅವನಿಗೆ. ಕೈಲಾಗದವನು ಅಂದೆ. ಕೊಳವೆ ತೊಳೆಯೋಕೆ ಬರಲ್ಲ ಅಂದೆ. ಒಂದು ಮಾತು ಹೇಳಬಾರದಿತ್ತಾ ನನಗೆ?"

ಅತ್ತೆ ಕುರ್ಚಿಯಿಂದ ಬಗ್ಗಿ ನನ್ನ ತಲೆಯ ಮೇಲೆ ಕೈಯಿಟ್ಟರು. "ನಾನೂ ಅದನ್ನೇ ಅಂದೆ. ಅವಳಿಗೆ ಹೇಳೋ, ಸುಮ್ನೆ ಯಾಕೆ ಬೈಸ್ಕೋತೀಯ ಅಂತ. ಅದಕ್ಕೆ ಏನಂದ ಗೊತ್ತಾ? 'ಗೊತ್ತಾದ ದಿನ ಅವಳು ಬೈಯೋದು ನಿಲ್ಲಿಸಿಬಿಡ್ತಾಳೆ ಅಮ್ಮಾ. ಮೆತ್ತಗೆ ಮಾತಾಡೋಕೆ ಶುರು ಮಾಡ್ತಾಳೆ. ಅವಳು ಬೈಯೋವರೆಗೂ ನಾನು ಚೆನ್ನಾಗೇ ಇದ್ದೀನಿ ಅಂತ ಲೆಕ್ಕ' ಅಂದ."

ನಿಜ. ಆಸ್ಪತ್ರೆಯಿಂದ ಬಂದ ಸಂಜೆಯಿಂದ ನಾನು ಮೆತ್ತಗಾಗಿಬಿಟ್ಟೆ. ದಿಂಬು ಸರಿಯಿದೆಯಾ, ಸೂಪು ಬಿಸಿಯಿದೆಯಾ. ಒಂದು ದಿನ ಅವನು ಮಲಗಿದಲ್ಲಿಂದ, "ಸ್ವಲ್ಪ ಬೈಯೇ ಡೆರ್ನಾ, ಮನೆ ಬಿಕೋ ಅಂತಿದೆ" ಎಂದಿದ್ದ. ತಮಾಷೆ ಅಂದುಕೊಂಡು ನಾನು ಹಣೆ ಸವರಿದೆ. ಬೈಯಬೇಕಿತ್ತು. ಕಿವಿ ತೂತು ಬೀಳುವ ಹಾಗೆ ಬೈಯಬೇಕಿತ್ತು.

ಕೊನೆಗೆ ಅತ್ತೆಯೇ, "ಕೊಳವೆ ಪೂರ್ತಿ ತೊಳೆದಿಲ್ಲ ಇನ್ನೂ. ಅರ್ಧ ಕೆಲಸ ಮಾಡಿ ಕೂತ್ಕೋಬೇಡ" ಎಂದರು. ಎದ್ದು ಬ್ರಷ್ ಹಾಕಿದೆ. ಕಡ್ಡಿಯ ಮೇಲೆ ಕಡ್ಡಿ ಸೇರಿಸುತ್ತ, ಒಂದೇ ಕಡೆಗೆ ತಿರುಗಿಸುತ್ತ, ಮೇಲೆ ಮಾಡಿನಲ್ಲಿರುವ ಕೊಳವೆಯ ಟೊಪ್ಪಿಗೆಗೆ ಬ್ರಷ್ ತಾಗಿ ಠಣ್ ಎನ್ನುವವರೆಗೆ. ಮೂರು ಸಲ ಮೇಲೆ ಕೆಳಗೆ. ಕೊನೆಯ ಸಲ ಎಳೆದಮೇಲೆ ಕೊಳವೆಗೆ ಬಾಯಿಟ್ಟು ಸುಮ್ಮನೆ, "ಇದ್ದೀನಿ ಮಹರಾಯಾ, ಎಳಿ" ಎಂದೆ. ಅತ್ತೆ ಕೇಳಿಸದವರಂತೆ ಕೂತರು.

ಮುಚ್ಚಳ ಬಿಗಿದು, ವೈರು ಸಿಕ್ಕಿಸಿ, ಗುಂಡಿ ಒತ್ತಿದೆ. ಗುಳಿಗೆಗಳು ಟಿಣಿ ಟಿಣಿ ಬಿದ್ದವು. ಬೆಂಕಿ ಬಿಳಿಯಾಗಿ, ನೆಟ್ಟಗೆ ಎದ್ದಿತು. ಗಂಟೆ ಕಳೆದರೂ ಗಾಜು ಕಪ್ಪಾಗಲಿಲ್ಲ. ಆಗ ಅತ್ತೆ ಗೋಡೆ ಹಿಡಿದುಕೊಂಡು, ಆಗಲೂ ಎರಡು ಬೆರಳಷ್ಟು ತೆರೆದಿದ್ದ ಕಿಟಕಿಯ ಬಳಿ ಹೋಗಿ, ಅದನ್ನು ತಾವೇ ಮುಚ್ಚಿ ಚಿಲಕ ಹಾಕಿದರು.

ಭಾನುವಾರ ಹನ್ನೆರಡಕ್ಕೆ ಎಡ್ಡಾ ಬಂದಳು. ನಾನು ಚೀಸು ಆಲೂಗಡ್ಡೆಯ ಫ್ರಿಕೊ ತವೆಯಲ್ಲಿ ಮಗುಚುತ್ತಿದ್ದೆ. ಅವಳು ಕೋಟು ತೆಗೆದಳು, ಸ್ವೆಟರ್ ತೆಗೆದಳು, ಒಲೆ ನೋಡಿದಳು, ಬಾಗಿಲ ಪಕ್ಕ ಸೂಟ್‌ಕೇಸ್ ನೋಡಿದಳು. "ಅಮ್ಮಾ, ತಯಾರಾಗಿದ್ದೀಯಲ್ಲ. ಒಲೆ ಇವತ್ತು ಉರೀತಿದೆ ಸರಿ, ನಾಳೆ ಕೆಟ್ರೆ? ಬಂದುಬಿಡು."

ಅತ್ತೆ ಆಗಲೇ ಒಲೆಯ ಮುಂದೆ ಬಗ್ಗಿ, ಬರಿಗೈಯಲ್ಲಿ ಬೂದಿಯ ತಟ್ಟೆ ಎಳೆಯಲು ಹೊರಟಿದ್ದರು.

ನನಗೆ ಎಲ್ಲಿತ್ತೋ ಸಿಟ್ಟು. "ಏನ್ರೀ ಅತ್ತೆ, ಕೈ ಸುಟ್ಕೋಬೇಕಾ? ಎಂಬತ್ತೊಂಬತ್ತಾದ್ರೂ ಬುದ್ಧಿ ಬರ್ಲಿಲ್ವಾ? ಕೂತ್ಕೊಳ್ಳಿ ಸುಮ್ನೆ ಕುರ್ಚಿ ಮೇಲೆ, ಇಲ್ದಿದ್ರೆ ಕಟ್ಟಿಹಾಕ್ತೀನಿ!"

ಎಡ್ಡಾಳ ಮುಖ ಕೆಂಪಾಯಿತು. "ಅತ್ತಿಗೆ! ವಯಸ್ಸಾದ ಜೀವದ ಮೇಲೆ ಹೀಗಾ ಕೂಗೋದು? ಅಮ್ಮಾ, ದಿನಾ ಹೀಗೇನಾ ಇವರು?"

ಅತ್ತೆ ಹಾಯಾಗಿ ಕುರ್ಚಿಗೆ ಒರಗಿ ಕೂತು, ಶಾಲು ಸರಿಮಾಡಿಕೊಂಡರು.

"ಕೂಗ್ಲಿ ಬಿಡೇ" ಎಂದರು ಮಗಳಿಗೆ. "ಇವಳು ನನ್ನ ಹತ್ರ ಮೆತ್ತಗೆ ಮಾತಾಡೋಕೆ ಶುರು ಮಾಡಿದ ದಿನ ಫೋನ್ ಮಾಡ್ತೀನಿ, ಬಂದು ಕರ್ಕೊಂಡು ಹೋಗು."